ಬಿದ್ದ ಸರ್ವರು, ಪಕ್ಕದ ಮನೆ ರಾಯರು

‘ಸರ್ವರ್ ಡೌನ್’ ಅಂದಮೇಲೆ ಮುಗಿಯಿತು, ಮರುಮಾತಿಲ್ಲ. ರೇಷನ್ ಅಂಗಡಿಯ ಕ್ಯೂನಲ್ಲಿ ನಿಂತವರು ಚೀಲ ಮಡಚಿಕೊಂಡು ಹೊರಡುತ್ತಾರೆ, ಸಬ್‌ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಕೂತವರು ಕಾಫಿಗೆ ಏಳುತ್ತಾರೆ. ಕರೆಂಟು ಹೋದರೆ ಲೈನ್‌ಮನ್‌ಗೆ ಫೋನು ಮಾಡಿ ಜಗಳವಾಡುವ ಜನ, ನಲ್ಲಿಯಲ್ಲಿ ನೀರು ಬರದಿದ್ದರೆ ಕಾರ್ಪೊರೇಟರ್ ಮನೆ ಬಾಗಿಲು ತಟ್ಟುವ ಜನ, ಸರ್ವರು ಬಿತ್ತು ಅಂದರೆ ಮಾತ್ರ ಸಾಧುಗಳಾಗಿಬಿಡುತ್ತಾರೆ. ಯಾಕೆ ಬಿತ್ತು, ಎಷ್ಟು ಹೊತ್ತಿಗೆ ಬಿತ್ತು, ಬೀಳುವ ಮುಂಚೆ ಏನಾದರೂ ಅಂದಿತಾ ಅಂತ ಕೇಳುವವರನ್ನು ನಾನು ಕಂಡದ್ದು ಒಬ್ಬರನ್ನೇ. ಅವರು ನಮ್ಮ ಪಕ್ಕದ ಮನೆಯ ಟೆಲಿಫೋನ್ ರಾಯರು.

ಅವರಿಗೆ ಬೇರೆ ಹೆಸರಿದೆ, ಆದರೆ ಬೀದಿಯಲ್ಲಿ ಯಾರ ಬಾಯಿಗೂ ಅದು ಬರುವುದಿಲ್ಲ. ಮೀಸೆ ಚಿಗುರುವ ವಯಸ್ಸಿನಲ್ಲಿ ಎಕ್ಸ್‌ಚೇಂಜಿಗೆ ಸೇರಿ, ಅಲ್ಲೇ ತಲೆ ಬೆಳ್ಳಗೆ ಮಾಡಿಕೊಂಡು ಹೊರಬಂದವರು. ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಸ್ಟ್ರೋಜರ್ ಸ್ವಿಚ್ಚುಗಳ ಕಾಲದವರು. ಆ ಸ್ವಿಚ್ಚುಗಳು ಕಟಕಟ ಏರಿ, ಗಿರಕ್ಕನೆ ತಿರುಗಿ ನಂಬರು ಹುಡುಕುವ ಸದ್ದು ಕೇಳಿಯೇ ಯಾವ ಸಾಲಿನಲ್ಲಿ ಕಾಂಟ್ಯಾಕ್ಟಿಗೆ ಮಸಿ ಹಿಡಿದಿದೆ ಅಂತ ಹೇಳುತ್ತಿದ್ದರಂತೆ. ಇದು ರಾಯರ ಹೇಳಿಕೆ. ಅವರ ಮನೆಯ ಅಮ್ಮಾವ್ರನ್ನು ಕೇಳಿದರೆ ಬರೀ ನಗುತ್ತಾರೆ. ನಮ್ಮಿಬ್ಬರ ಮನೆ ನಡುವೆ ಎದೆಮಟ್ಟದ ಕಾಂಪೌಂಡು. ಅವರ ನುಗ್ಗೆಮರ ಅರ್ಧ ನಮ್ಮ ಕಡೆಗೆ ಬಾಗಿದೆ; ಕಾಯಿ ಅವರಿಗೆ, ಕಂಬಳಿಹುಳ ನಮಗೆ. ಸಂಜೆ ಅವರು ಗಿಡಕ್ಕೆ ನೀರು ಹಾಕುವ ಹೊತ್ತು, ನಾನು ಕೆಲಸ ಮುಗಿಸಿ ಸ್ಕೂಟರು ಒಳಗಿಡುವ ಹೊತ್ತು ಒಂದೇ ಆದ್ದರಿಂದ ಮೈಸೂರಿನ ಅರ್ಧ ಸುದ್ದಿ ಆ ಗೋಡೆಯ ಮೇಲೆಯೇ ಇತ್ಯರ್ಥವಾಗುತ್ತದೆ.

ನಾನು ಒಂದು ಪತ್ತಿನ ಸಹಕಾರ ಸಂಘದ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಹೆಸರು ಬೇಡ, ಸೊಸೈಟಿ ಅಂದರೆ ಸಾಕು. ಅಲ್ಲಿಯ ಸರ್ವರು ಈಚೆಗೆ ಒಂದು ಚಾಳಿ ಕಲಿತಿತ್ತು.

“ಏನಯ್ಯಾ, ನಿಮ್ಮ ಸರ್ವರು ಮತ್ತೆ ಮಲಗಿತಂತೆ?”

“ಮಲಗಿತು ರಾಯರೇ. ತಾನೇ ಎದ್ದೂಬಿಡ್ತು.”

“ಅದೇ ಕೆಟ್ಟದ್ದು. ಸತ್ತಿದ್ದು ಸತ್ತೇ ಬಿದ್ದಿದ್ರೆ ಹುಡುಕಬಹುದು. ಬರೋದು ಹೋಗೋದು ಮಾಡೋ ಫಾಲ್ಟು ಇದೆಯಲ್ಲ, ಅದು ನನ್ನ ಅರ್ಧ ಸರ್ವೀಸು ತಿಂದುಹಾಕ್ತು.”

ಅಷ್ಟರಲ್ಲಾಗಲೇ ಸರ್ವೀಸಿನ ಹುಡುಗ ಬಂದು ಹೋಗಿದ್ದ. ಪೆಟ್ಟಿಗೆ ತೆರೆದ, ಊದಿದ, ರ‍್ಯಾಮ್ ಕಡ್ಡಿಗಳನ್ನು ಕಿತ್ತ, ಜೇಬಿನಿಂದ ರಬ್ಬರು ತೆಗೆದು ಅದರ ಚಿನ್ನದ ಹಲ್ಲುಗಳನ್ನು ತಿಕ್ಕಿದ, ಮತ್ತೆ ಕೂರಿಸಿದ. ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ಪಳಗಿದ ಕೈ. ಈ ರಬ್ಬರಿನ ಉಪಚಾರವನ್ನು ನಾನು ಹಳಿಯುವುದಿಲ್ಲ, ಎಷ್ಟೋ ಯಂತ್ರಗಳು ಅದರಿಂದಲೇ ಬದುಕಿವೆ. ಕಾಂಟ್ಯಾಕ್ಟಿನ ಕೊಳೆ ಹೋಗುವುದು ನಿಜ. ಆದರೆ ಮೂರನೇ ದಿನ ಸರ್ವರು ಮತ್ತೆ ಬಿತ್ತು. ಹುಡುಗ ರ‍್ಯಾಮನ್ನೇ ಬದಲಾಯಿಸಿ ಬಿಲ್ಲು ಕೊಟ್ಟ. ಮತ್ತೆ ಬಿತ್ತು. ಆಮೇಲೆ ಶುರುವಾಯಿತು ನೋಡಿ. ಸಾಫ್ಟ್‌ವೇರಿನವರು ‘ಹಾರ್ಡ್‌ವೇರು’ ಅಂದರು, ಹಾರ್ಡ್‌ವೇರಿನವರು ‘ಕರೆಂಟು’ ಅಂದರು, ಕರೆಂಟಿನವರು ‘ನಿಮ್ಮ ವೈರಿಂಗು’ ಅಂದರು, ವೈರಿಂಗಿನವನು ಬಂದು ಸುತ್ತ ನೋಡಿ ‘ಈ ರೂಮಿನ ಬಾಗಿಲು ಈ ಕಡೆ ಇರಬಾರದಿತ್ತು’ ಅಂದ. ಸೆಕ್ರೆಟರಿಗಳಿಗೆ ಮಾತ್ರ ಕಾರಣ ಖಚಿತವಾಗಿ ಗೊತ್ತಿತ್ತು: ಈ ಸಲದ ಆಯುಧಪೂಜೆಯಲ್ಲಿ ಜೀಪಿಗೆ ಒಡೆದ ಕುಂಬಳಕಾಯಿ ಸರ್ವರಿಗೆ ಒಡೆದಿರಲಿಲ್ಲ.

ರಾಯರಿಗೆ ಇದನ್ನೆಲ್ಲ ಹೇಳಿದರೆ ಪೈಪು ಗಿಡದ ಬುಡದಲ್ಲಿ ಬಿಟ್ಟು ಗೋಡೆಗೆ ಮೊಣಕೈ ಊರಿದರು. “ಅದಿರಲಿ, ಹೋಗ್ತಾ ಏನಾದ್ರೂ ಬರೆದಿಟ್ಟು ಹೋಗಿತ್ತಾ?”

ಇದು ಸರಿಯಾದ ಪ್ರಶ್ನೆ. ಸರ್ವರು ಬೀಳುವುದರಲ್ಲೂ ಬಗೆಬಗೆ ಇದೆ. ಕೆಲವು ಸಲ ಆಪರೇಟಿಂಗ್ ಸಿಸ್ಟಮಿಗೇ ಏನೋ ಎಡವಟ್ಟು ಅಂತ ತಿಳಿದು, ಪರದೆ ತುಂಬ ಅಂಕಿಗಳನ್ನು ಸುರಿದು ನಿಲ್ಲುತ್ತದೆ. ಪ್ಯಾನಿಕ್ ಅನ್ನುವುದು ಇದನ್ನೇ. ಓದಲು ಗೊತ್ತಿದ್ದವರಿಗೆ ಅದರಲ್ಲಿ ಯಾರ ಕೈವಾಡ ಅಂತ ಸುಳಿವಿರುತ್ತದೆ. ಇನ್ನು ಕೆಲವು ಸಲ ಫ್ಯಾನು ತಿರುಗುತ್ತಿರುತ್ತದೆ, ದೀಪ ಉರಿಯುತ್ತಿರುತ್ತದೆ, ಕೂಗಿದರೆ ಓ ಅನ್ನುವುದಿಲ್ಲ. ನಮ್ಮದು ಎರಡೂ ಅಲ್ಲ. ಲಾಗ್ ಫೈಲಿನಲ್ಲಿ ಎಂದಿನ ಒಂದು ಸಾಲು, ಯಾರೋ ಲಾಗಿನ್ ಆದರು ಅಂತ. ಅದರ ಕೆಳಗಿನ ಸಾಲು ಯಂತ್ರ ಹೊಸದಾಗಿ ಏಳುತ್ತಿರುವುದು. ನಡುವೆ ಹೊಟ್ಟೆನೋವು ಅಂತಲೂ ಇಲ್ಲ, ಹೋಗಿಬರುತ್ತೇನೆ ಅಂತಲೂ ಇಲ್ಲ. ಹೀಗೆ ಒಂದಕ್ಷರವೂ ಇಲ್ಲದೆ ಹೋಯಿತು ಅಂದರೆ ಆಪರೇಟಿಂಗ್ ಸಿಸ್ಟಮಿಗೆ ಬರೆಯಲು ಪುರುಸೊತ್ತೇ ಸಿಗಲಿಲ್ಲ ಅಂತ ಅರ್ಥ. ಕಾಲಕೆಳಗಿನ ಕರೆಂಟನ್ನೇ ಯಾರೋ ಎಳೆದಿದ್ದಾರೆ, ಇಲ್ಲವೇ ರೀಸೆಟ್ ಗುಂಡಿ ಒತ್ತಿದ ಹಾಗೆ ಏನೋ ಆಗಿದೆ. ಲಾಗ್ ನೋಡದೆ ರ‍್ಯಾಮ್ ಬಿಲ್ಲು ಬರೆದ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಲಾಗ್ ಓದಿದರೆ ಬಿಲ್ಲು ಎಲ್ಲಿ ಹುಟ್ಟುತ್ತದೆ?

“ಹಾಗಾದ್ರೆ ಅಲ್ಲಿಗೆ ಮುಗೀತಾ? ಬೇರೆ ಯಾರೂ ನೋಡಿಲ್ವಾ?” ಅಂದರು ರಾಯರು.

ನೋಡಿದ ಒಬ್ಬರಿದ್ದಾರೆ. ಸರ್ವರಿನ ಮದರ್‌ಬೋರ್ಡಿನ ಮೇಲೆ ಅಂಗೈಯಲ್ಲಿ ಅಡಗುವಷ್ಟು ಸಣ್ಣ ಇನ್ನೊಂದು ಕಂಪ್ಯೂಟರಿರುತ್ತದೆ. ಬಿಎಂಸಿ ಅನ್ನುತ್ತಾರೆ. ದೊಡ್ಡಣ್ಣ ಮಲಗಿದ್ದರೂ ಪ್ಲಗ್ಗಿನಲ್ಲಿ ಕರೆಂಟು ಇರುವಷ್ಟು ಹೊತ್ತು ಇದು ಎದ್ದೇ ಇರುತ್ತದೆ. ಯಾವ ಫ್ಯಾನು ನಿಧಾನವಾಯಿತು, ಎಲ್ಲಿ ಬಿಸಿ ಏರಿತು, 12 ವೋಲ್ಟಿನ ತಂತಿಯಲ್ಲಿ ಎಷ್ಟಿದೆ, ಪವರ್ ಸಪ್ಲೈಗೆ ಕರೆಂಟು ಬರುತ್ತಿದೆಯೇ, ಎಲ್ಲವನ್ನೂ ತನ್ನದೇ ಡೈರಿಯಲ್ಲಿ ಬರೆದಿಡುತ್ತದೆ. ಸರ್ವರು ಬಿದ್ದಾಗ ಮೊದಲು ತೆರೆಯಬೇಕಾದ್ದು ಈ ಡೈರಿ. ತೆರೆಯುವವರು ಕಡಿಮೆ.

ನಮ್ಮದರಲ್ಲಿ ಅದು ಬರೆದದ್ದಿತ್ತು: ಪವರ್ ಸಪ್ಲೈಗೆ ಬರುವ ಎಸಿ ಕರೆಂಟು ಹೋಯಿತು, ಮರುಕ್ಷಣ ಬಂತು. ಆದರೆ ಹೊತ್ತು ನೋಡಿದರೆ ಬೆಳಗಿನ 05:12. ನನಗಿಂತ ಮೊದಲು ಡೈರಿ ತೆರೆದವರು ಯಾರೋ ಇದನ್ನು ನೋಡಿ, ಆ ಹೊತ್ತಿನಲ್ಲಿ ಬಾಗಿಲಿಗೆ ಬೀಗ, ಸರ್ವರು ಆರಾಮವಾಗಿ ನಡೆಯುತ್ತಿತ್ತು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಅಂತ ಮಡಚಿಟ್ಟಿದ್ದರು.

“ಸಂಬಂಧ ಇಲ್ಲ ಅಂತ ಹೇಳೋಕೆ ಅವರ್ಯಾರು?” ಅಂದರು ರಾಯರು. “ಐದು ಗಂಟೆಗೆ ಕರೆಂಟು ಹೋಯ್ತು ಅಂತ ಬರೆದಿದೆ, ಐದು ಗಂಟೆಗೆ ಯಂತ್ರ ಬಿದ್ದಿಲ್ಲ. ಅಂದ್ರೆ ಬರೆದಿದ್ದು ಸುಳ್ಳಲ್ಲ, ಗಡಿಯಾರ ಸುಳ್ಳು. ಯಾವ ಊರಿನ ಗಡಿಯಾರವಯ್ಯಾ ಅದು?”

ಗ್ರೀನಿಚ್ಚಿನದು. ಲಿನಕ್ಸ್ ಸರ್ವರುಗಳ ಒಳಗಡಿಯಾರವನ್ನು ಸಾಮಾನ್ಯವಾಗಿ ಯುಟಿಸಿಯಲ್ಲೇ ಇಡುತ್ತಾರೆ, ಬಿಎಂಸಿ ಅದನ್ನೇ ನೋಡಿ ಬರೆಯುತ್ತದೆ. ಐದೂವರೆ ಗಂಟೆ ಕೂಡಿಸಿದರೆ 10:42. ಸರ್ವರು ಬಿದ್ದ ಹೊತ್ತು ಕರಾರುವಾಕ್ಕಾಗಿ ಅದೇ. ಹಿಂದಿನ ಎಲ್ಲ ಬೀಳುವಿಕೆಗೂ ಇದೇ ಲೆಕ್ಕ ಕೂಡಿತು. ಬಹುಪಾಲು ಹತ್ತೂವರೆಯಿಂದ ಹನ್ನೊಂದರ ಒಳಗೆ. ಬಿದ್ದ ಹೊತ್ತುಗಳನ್ನು ಒಂದರ ಕೆಳಗೊಂದು ಬರೆದು ನೋಡುವುದಕ್ಕೆ ಯಾವ ಉಪಕರಣವೂ ಬೇಡ, ಹಳೇ ಕ್ಯಾಲೆಂಡರಿನ ಹಿಂಬದಿ ಸಾಕು. ರ‍್ಯಾಮಿಗೆ ಗಡಿಯಾರ ಗೊತ್ತಿಲ್ಲ. ಹೊತ್ತು ನೋಡಿಕೊಂಡು ಬೀಳುವ ಯಂತ್ರದ ಹಿಂದೆ ಹೊತ್ತು ನೋಡಿಕೊಂಡು ಕೆಲಸ ಮಾಡುವ ಮನುಷ್ಯ ಇದ್ದೇ ಇರುತ್ತಾನೆ.

“ಹತ್ತೂವರೆಗೆ ಅಲ್ಲಿ ಇನ್ನೇನು ಶುರುವಾಗುತ್ತೆ?”

ಕೌಂಟರು ತೆರೆಯುತ್ತದೆ. ಮೊದಲ ಸಾಲದ ಕಾಗದ ಪ್ರಿಂಟಿಗೆ ಹೋಗುತ್ತದೆ. ಲೇಸರ್ ಪ್ರಿಂಟರಿನ ಒಳಗೆ ಪುಡಿಶಾಯಿಯನ್ನು ಕಾಗದದ ಮೇಲೆ ಕರಗಿಸಿ ಒತ್ತುವ ಒಂದು ಉರುಳೆ ಇದೆ. ಅದು ಸುಮಾರು 200 ಡಿಗ್ರಿಗೆ ಕಾಯಬೇಕು. ರಾತ್ರಿಯೆಲ್ಲ ತಣ್ಣಗಿದ್ದದ್ದು ಬೆಳಿಗ್ಗೆ ಮೊದಲ ಸಲ ಕಾಯುವಾಗ ಒಮ್ಮೆಲೇ ಕರೆಂಟು ಎಳೆಯುತ್ತದೆ. ಇಸ್ತ್ರಿಪೆಟ್ಟಿಗೆ ಎಳೆಯುವಷ್ಟು ಅಂದರೂ ನಡೆಯುತ್ತದೆ. ಅದಕ್ಕೇ ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಚುಚ್ಚಬಾರದು ಅಂತ ಯುಪಿಎಸ್ ಡಬ್ಬಿಯ ಮೇಲೇ ಬರೆದಿರುತ್ತಾರೆ. ನಮ್ಮಲ್ಲಿ ಏನಾಗಿತ್ತು ಅಂದರೆ, ಕಿಟಕಿಯ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಅಂತ ಗುಮಾಸ್ತೆಯಮ್ಮ ಮೇಜನ್ನು ಈ ಕಡೆಗೆ ಎಳೆಸಿದ್ದರು. ಮೇಜಿನ ಜತೆ ಪ್ರಿಂಟರೂ ಬಂತು. ಹತ್ತಿರದಲ್ಲಿ ಖಾಲಿ ಇದ್ದದ್ದು ‘ಯುಪಿಎಸ್’ ಅಂತ ಕೆಂಪು ಸ್ಟಿಕ್ಕರು ಹಚ್ಚಿದ ಸಾಕೆಟ್ಟು. ಆ ಸ್ಟಿಕ್ಕರು ಅವರಿಗೆ ಎಚ್ಚರಿಕೆಯಾಗಿ ಕಾಣಲಿಲ್ಲ, ಅನುಕೂಲವಾಗಿ ಕಂಡಿತು: ಕರೆಂಟು ಹೋದರೂ ಪ್ರಿಂಟು ಬರುತ್ತದಲ್ಲ!

ನಾನು ಗೆದ್ದೆ ಅಂತ ರಾಯರ ಮುಖ ನೋಡಿದೆ. ಅವರು ಗೆಲ್ಲಿಸುವ ಪೈಕಿ ಅಲ್ಲ. “ಅದೇ ಯುಪಿಎಸ್ ಮೇಲೆ ಕೌಂಟರಿನ ಕಂಪ್ಯೂಟರೂ ಇದೆಯಲ್ಲ, ಅದ್ಯಾಕೆ ಬೀಳಲಿಲ್ಲ?”

ಈ ಪ್ರಶ್ನೆ ಕೇಳದಿದ್ದರೆ ಅರ್ಧ ರೋಗವೇ ಕೈತಪ್ಪುತ್ತಿತ್ತು. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು ಹಾಕುತ್ತದೆ. ಒಂದು ಸುತ್ತಿಗೆ 20 ಮಿಲಿಸೆಕೆಂಡು. ಒಳ್ಳೆಯ ಪವರ್ ಸಪ್ಲೈ ತನ್ನ ಕೆಪಾಸಿಟರುಗಳಲ್ಲಿ ಕೂಡಿಟ್ಟುಕೊಂಡ ಚಾರ್ಜಿನಿಂದ ಹೆಚ್ಚುಕಡಿಮೆ ಅಷ್ಟು ಹೊತ್ತು ಹೊರಗಿನ ಕರೆಂಟಿಲ್ಲದೆ ತಳ್ಳಬಲ್ಲದು. ಪ್ರಿಂಟರಿನ ಎಳೆತಕ್ಕೆ ಯುಪಿಎಸ್ ತಡವರಿಸುವ ಕ್ಷಣ ಅದರೊಳಗೇ ಕಳೆದುಹೋದರೆ ಕಂಪ್ಯೂಟರಿಗೆ ಗೊತ್ತೂ ಆಗುವುದಿಲ್ಲ. ಆದರೆ ಕೆಪಾಸಿಟರಿನ ಒಳಗಿರುವ ದ್ರವ ವರ್ಷ ಕಳೆದ ಹಾಗೆ ಒಣಗುತ್ತದೆ, ಕೂಡಿಡುವ ಶಕ್ತಿ ಕುಗ್ಗುತ್ತದೆ. ಬಿಸಿ 10 ಡಿಗ್ರಿ ಏರಿದರೆ ಅದರ ಆಯಸ್ಸು ಅರ್ಧವಾಗುತ್ತದೆ ಅನ್ನುವುದು ಈ ಕಸುಬಿನ ಹಳೆಯ ಲೆಕ್ಕ. ಕೌಂಟರಿನ ಕಂಪ್ಯೂಟರು ಹೊಸದು. ಸರ್ವರಿನದು ಹಳೇ ಸಪ್ಲೈ, ಅದೂ ರಾತ್ರಿ ಏಸಿ ಆರಿಸಿ ಬೀಗ ಹಾಕುವ ಕೋಣೆಯಲ್ಲಿ ವರ್ಷಗಟ್ಟಲೆ ಬೆಂದದ್ದು. ಎರಡು ವರ್ಷದ ಹಿಂದೆ ಇದೇ ಪ್ರಿಂಟರು ಇದೇ ಸಾಕೆಟ್ಟಿನಲ್ಲಿ ಇದ್ದಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಪ್ರಿಂಟರು ಕಿಟಕಿಯ ಹತ್ತಿರವೇ ಇದ್ದಿದ್ದರೆ ಸಪ್ಲೈ ಒಣಗಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಕೋರ್ಟಿನಲ್ಲಿ ಒಬ್ಬ ಆರೋಪಿಯನ್ನು ಹಿಡಿದರೆ ಕೇಸು ಮುಗಿಯಬಹುದು, ಸರ್ವರ್ ಕೋಣೆಯಲ್ಲಿ ಮುಗಿಯುವುದಿಲ್ಲ.

ಕೆಪಾಸಿಟರಿನ ಮಾತು ಬಂದಾಗ ದೊಡ್ಡವರ ಮನೆಯ ದೋಸೆಯ ತೂತೂ ಹೇಳಬೇಕು. ಈ ಶತಮಾನದ ಶುರುವಿನ ವರ್ಷಗಳಲ್ಲಿ ಮಾರುಕಟ್ಟೆಗೆ ಬಂದ ಲಕ್ಷಾಂತರ ಕೆಪಾಸಿಟರುಗಳು ಆಯಸ್ಸಿಗೆ ಮುಂಚೆಯೇ ತಲೆ ಉಬ್ಬಿಸಿಕೊಂಡು ಸೋರತೊಡಗಿದವು. ಒಳಗಿನ ದ್ರವದ ಪಾಕವೇ ಕೆಟ್ಟಿತ್ತು. ಡೆಲ್ ಕಂಪನಿ ತನ್ನ ಆಪ್ಟಿಪ್ಲೆಕ್ಸ್ ಕಂಪ್ಯೂಟರುಗಳ ಬೋರ್ಡು ಬದಲಾಯಿಸುವುದಕ್ಕೆ 2005ರಲ್ಲಿ 30 ಕೋಟಿ ಡಾಲರು ಎತ್ತಿಟ್ಟಿತು. ಆ ಕಾಲದಲ್ಲಿ ಪೆಟ್ಟಿಗೆ ತೆರೆದು ಟಾರ್ಚು ಬಿಟ್ಟು ನೋಡಿದರೆ ಸಾಕಿತ್ತು, ಫಾಲ್ಟು ಕಣ್ಣಿಗೇ ಕಾಣುತ್ತಿತ್ತು. ಈಗಿನವು ಮರ್ಯಾದಸ್ತರು, ಮುಖ ನೋಡಿದರೆ ಏನೂ ತಿಳಿಯುವುದಿಲ್ಲ.

“ಪ್ರಿಂಟರು ಕಿತ್ತೆ, ನಿಂತಿತು ಅಂತ ಬಂದು ನನಗೆ ಹೇಳಬೇಡ,” ಅಂದಿದ್ದರು ರಾಯರು. “ಮತ್ತೆ ಚುಚ್ಚಿ ಬೀಳಿಸು. ಬೇಕಾದಾಗ ಬೀಳಿಸೋಕೆ ಬಂದರೆ ಫಾಲ್ಟು ಸಿಕ್ಕಿತು ಅಂತ ಲೆಕ್ಕ. ತಾನಾಗೇ ಸರಿಹೋಗಿದ್ದು ತಾನಾಗೇ ವಾಪಸ್ ಬರುತ್ತೆ.”

ಹಾಗೇ ಮಾಡಿದೆ. ಭಾನುವಾರ, ಯಾರೂ ಇಲ್ಲದಾಗ, ಬ್ಯಾಕಪ್ ತೆಗೆದು, ತಣ್ಣಗಿದ್ದ ಪ್ರಿಂಟರನ್ನು ಕೆಂಪು ಸ್ಟಿಕ್ಕರಿಗೆ ಚುಚ್ಚಿ ಒಂದು ಹಾಳೆ ಕಳಿಸಿದೆ. ಯುಪಿಎಸ್ ‘ಕೀಂ’ ಅಂದಿತು, ಟ್ಯೂಬ್‌ಲೈಟು ಅಲುಗಲಿಲ್ಲ, ಕೌಂಟರಿನ ಕಂಪ್ಯೂಟರು ಕಣ್ಣು ಮಿಟುಕಿಸಲಿಲ್ಲ. ಸರ್ವರಿನ ಫ್ಯಾನುಗಳು ಒಮ್ಮೆ ಉಸಿರು ಬಿಟ್ಟು, ಮರುಕ್ಷಣ ಹೊಸದಾಗಿ ಏಳುವಾಗಿನ ಆ ಜೋರು ಸದ್ದು ಹೊರಡಿಸಿದವು. ನನಗಾದಷ್ಟು ಸಂತೋಷ ಆ ದಿನ ಇನ್ಯಾರಿಗೂ ಆಗಿರಲಾರದು.

ಹಾಗಾದರೆ ಮೊದಲು ಬದಲಾಯಿಸಿದ ರ‍್ಯಾಮ್ ಕಥೆ ಏನು? ಅದು ನಿರಪರಾಧಿ. ಈಗ ಎಲ್ಲಿದೆಯೋ, ಯಾವ ಕಂಪ್ಯೂಟರಿನಲ್ಲಿ ಹೊಸದಾಗಿ ಕೂತಿದೆಯೋ, ಕೇಳಬಾರದು. ರ‍್ಯಾಮಿನ ಮೇಲೆ ಅನುಮಾನ ಬಂದರೆ ಅದನ್ನು ಸಾಬೀತು ಮಾಡುವ ದಾರಿ ಸುಲಭ, ತಾಳ್ಮೆ ಬೇಕಷ್ಟೇ. ತಪ್ಪು ತೋರಿಸುತ್ತಿರುವ ಕಡ್ಡಿಯನ್ನು ಇನ್ನೊಂದು ಸ್ಲಾಟಿಗೆ ಹಾಕಿ. ತಪ್ಪು ಕಡ್ಡಿಯ ಹಿಂದೆಯೇ ಬಂದರೆ ಕಡ್ಡಿಯದು. ಹಳೇ ಸ್ಲಾಟಿನಲ್ಲೇ ಉಳಿದರೆ ಸ್ಲಾಟಿನದೋ, ಬೋರ್ಡಿನದೋ, ಪ್ರೊಸೆಸರಿನ ಕಾಲಿನದೋ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಂತ್ರ ಸರಿಯಾಗಬಹುದು, ಯಾಕೆ ಸರಿಯಾಯಿತು ಅಂತ ಹೇಳಲು ದೇವರೇ ಬರಬೇಕು. ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸುವುದೂ ಒಳ್ಳೆಯದೇ, ಆದರೆ ಅದು ಪಾಸಾಯಿತು ಅಂದ ಮಾತ್ರಕ್ಕೆ ರ‍್ಯಾಮಿಗೆ ಗುಣನಡತೆಯ ಸರ್ಟಿಫಿಕೇಟು ಸಿಕ್ಕಿತು ಅಂತಲ್ಲ. ತಣ್ಣನೆಯ ರಾತ್ರಿಯಲ್ಲಿ ತಪ್ಪದ್ದು ಬಿಸಿ ಮಧ್ಯಾಹ್ನದಲ್ಲಿ ತಪ್ಪಬಹುದು.

“ನೆನಪಿನ ಚಿಪ್ಪು ತಪ್ಪಿದ್ದನ್ನ ಯಂತ್ರಕ್ಕೆ ಹೇಳೋರು ಯಾರು? ತಪ್ಪಿದ್ದೇ ಸರಿ ಅಂದ್ಕೊಳ್ಳಲ್ವಾ?”

ಮನೆಯ ಕಂಪ್ಯೂಟರು ಅಂದುಕೊಳ್ಳುತ್ತದೆ. ಸರ್ವರಿನದು ಬೇರೆ. ಸೊಸೈಟಿಯ ಲೆಕ್ಕದ ಪುಸ್ತಕದಲ್ಲಿ ಪ್ರತಿ ಸಾಲಿಗೂ ಅಡ್ಡ ಮೊತ್ತ, ಪ್ರತಿ ಕಾಲಮ್ಮಿಗೂ ಉದ್ದ ಮೊತ್ತ ಬರೆಯುತ್ತಾರೆ. ಒಂದು ಮನೆಯ ಅಂಕಿ ತಪ್ಪಿದರೆ ಒಂದು ಅಡ್ಡ ಮೊತ್ತವೂ ಒಂದು ಉದ್ದ ಮೊತ್ತವೂ ತಾಳೆಯಾಗುವುದಿಲ್ಲ. ಅವೆರಡು ಕೂಡುವ ಮನೆಯಲ್ಲೇ ತಪ್ಪು, ಎಷ್ಟು ತಪ್ಪು ಅಂತಲೂ ಅಲ್ಲೇ ಗೊತ್ತು. ಇಸಿಸಿ ರ‍್ಯಾಮ್ ಮಾಡುವುದು ಈ ಜಾತಿಯ ಲೆಕ್ಕವನ್ನೇ. 64 ಬಿಟ್ಟುಗಳ ಜತೆಗೆ 8 ಬಿಟ್ಟು ಹೆಚ್ಚಿಗೆ ಇಟ್ಟುಕೊಳ್ಳುತ್ತದೆ. ಒಂದು ಬಿಟ್ಟು ಪಲ್ಟಿ ಹೊಡೆದರೆ ಕೂಡಲೇ ತಿದ್ದಿ, ತಿದ್ದಿದೆ ಅಂತ ಬರೆದಿಟ್ಟು ಮುಂದೆ ಹೋಗುತ್ತದೆ. ಎರಡು ಒಟ್ಟಿಗೆ ತಪ್ಪಿದರೆ, ತಪ್ಪಿದೆ ಅಂತ ಗೊತ್ತು, ಯಾವುದು ಅಂತ ಗೊತ್ತಿಲ್ಲ. ಆಗ ಸಾಮಾನ್ಯವಾಗಿ ಯಂತ್ರ ತಾನೇ ನಿಂತುಬಿಡುತ್ತದೆ.

“ಬೇಕಂತಲೇ ಬೀಳುತ್ತಾ?”

“ಬೇಕಂತಲೇ. ಸುಳ್ಳು ಲೆಕ್ಕ ಕೊಡೋದಕ್ಕಿಂತ ಕೌಂಟರು ಮುಚ್ಚೋದು ವಾಸಿ ಅಂತ.”

ರಾಯರು ತಲೆದೂಗಿದರು. ಈ ಲೆಕ್ಕ ಹುಟ್ಟಿದ್ದು ಟೆಲಿಫೋನ್ ಕಂಪನಿಯಲ್ಲೇ ಅಂದಾಗಂತೂ ಅರಳಿದರು. 1947ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ರಿಚರ್ಡ್ ಹ್ಯಾಮಿಂಗ್ ಅನ್ನುವ ಗಣಿತದವರು ರಿಲೇಗಳ ಕಂಪ್ಯೂಟರಿಗೆ ವಾರಾಂತ್ಯದಲ್ಲಿ ಕೆಲಸ ಹಚ್ಚಿ ಮನೆಗೆ ಹೋಗುತ್ತಿದ್ದರು. ರಿಲೇ ತಪ್ಪಿದರೆ ಯಂತ್ರಕ್ಕೆ ತಪ್ಪಿದ್ದು ತಿಳಿಯುತ್ತಿತ್ತು, ಆದರೆ ವಾರಾಂತ್ಯದಲ್ಲಿ ಸರಿಮಾಡುವ ಆಪರೇಟರು ಇಲ್ಲದೆ ಆ ಕೆಲಸವನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತಿತ್ತು. ಸೋಮವಾರ ಬಂದು ನೋಡಿದರೆ ಉತ್ತರ ಇಲ್ಲ. ತಪ್ಪಿದೆ ಅಂತ ಗೊತ್ತಾಗುವ ಯಂತ್ರಕ್ಕೆ ಎಲ್ಲಿ ತಪ್ಪಿದೆ ಅಂತ ಯಾಕೆ ಗೊತ್ತಾಗಬಾರದು ಅಂತ ರೇಗಿ ಕೂತು ಯೋಚಿಸಿದರು, 1950ರಲ್ಲಿ ಪ್ರಕಟಿಸಿದರು. “ರಿಲೇ ಕಾಟ ಅನುಭವಿಸಿದವನಿಗೇ ಗೊತ್ತು,” ಅಂದರು ರಾಯರು, ಹ್ಯಾಮಿಂಗ್ ತಮ್ಮದೇ ಸರ್ಕಲ್ಲಿನಲ್ಲಿ ಕೆಲಸ ಮಾಡಿದವರು ಅನ್ನುವ ಧಾಟಿಯಲ್ಲಿ.

ಬಿಟ್ಟು ಯಾಕೆ ಪಲ್ಟಿ ಹೊಡೆಯುತ್ತದೆ ಅನ್ನುವುದು ಇನ್ನೊಂದು ಪುರಾಣ. 1978ರಲ್ಲಿ ಇಂಟೆಲ್‌ನ ಟಿಮೊಥಿ ಮೇ ಮತ್ತು ಮರ್ರೆ ವುಡ್ಸ್, ಚಿಪ್ಪಿನ ಪಿಂಗಾಣಿ ಕವಚದಲ್ಲಿ ಸೇರಿದ್ದ ವಿಕಿರಣದ ಕಣಗಳೇ ಬಿಟ್ಟುಗಳನ್ನು ಕೆಡವುತ್ತಿವೆ ಅಂತ ತೋರಿಸಿದರು. ಕವಚ ಶುದ್ಧವಾಯಿತು. ಆಮೇಲೆ ಕಣ್ಣು ಆಕಾಶದ ಕಡೆ ಹೋಯಿತು: ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಸಿಡಿಯುವ ನ್ಯೂಟ್ರಾನುಗಳು. ನಮ್ಮವರಿಗೆ ಈ ಕಿರಣಗಳು ಹೊಸಬರಲ್ಲ. ಹೋಮಿ ಭಾಭಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೂತು ಸಂಶೋಧನೆ ನಡೆಸಿದ್ದು ಇವುಗಳ ಮೇಲೆಯೇ. ಇವುಗಳ ಕಾಟ ತಪ್ಪಿಸಿಕೊಳ್ಳಬೇಕು ಅಂದಾಗ ವಿಜ್ಞಾನಿಗಳು ಇಳಿದದ್ದು ಕೋಲಾರದ ಚಿನ್ನದ ಗಣಿಗೆ. ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, ಕಲ್ಲಿನ ಮರೆಯಲ್ಲಿ, 1965ರಲ್ಲಿ ವಾತಾವರಣದ ನ್ಯೂಟ್ರಿನೊವನ್ನು ಹಿಡಿದರು.

“ಹಾಗಾದ್ರೆ ನಿಮ್ಮ ಸರ್ವರು ಕೆಜಿಎಫ್‌ನಲ್ಲಿಡಿ,” ಅಂದರು ರಾಯರು. ಈಗ ಗಣಿಗೆ ನೀರು ತುಂಬಿದೆ, ಬೇಡ ಅಂದೆ.

ಬೆಲ್ಜಿಯಮ್ಮಿನ ಕಥೆಯನ್ನೂ ಹೇಳಿದೆ. 2003ರ ಮೇ ತಿಂಗಳ ಚುನಾವಣೆಯಲ್ಲಿ, ಬ್ರಸೆಲ್ಸಿಗೆ ಸೇರಿದ ಸ್ಕಾರ್‌ಬೇಕ್ ಅನ್ನುವ ಕಡೆ, ಒಬ್ಬ ಅಭ್ಯರ್ಥಿಗೆ ಬೀಳಲು ಸಾಧ್ಯವೇ ಇಲ್ಲದಷ್ಟು ಮತ ಬಿತ್ತು. ಎಣಿಸಿ ನೋಡಿದರೆ ಹೆಚ್ಚುವರಿ ಸರಿಯಾಗಿ 4096. ಎರಡನ್ನು ಹನ್ನೆರಡು ಸಲ ಗುಣಿಸಿದರೆ ಬರುವ ಸಂಖ್ಯೆ. ಅಂದರೆ ಒಂದೇ ಒಂದು ಬಿಟ್ಟು ಸೊನ್ನೆಯಿಂದ ಒಂದಾಗಿತ್ತು. ಸಾಫ್ಟ್‌ವೇರಿನಲ್ಲಿ ತಪ್ಪು ಸಿಗಲಿಲ್ಲ, ಯಂತ್ರದಲ್ಲೂ ಸಿಗಲಿಲ್ಲ. ಬಿಟ್ಟು ತಾನಾಗೇ ಮಗುಚಿದ್ದಿರಬೇಕು ಅಂತ ತಜ್ಞರು ಬರೆದರು. ಕಥೆ ಚೆನ್ನಾಗಿದೆ, ಆದರೆ ಅದರಿಂದ ಒಂದು ಕೆಡುಕೂ ಆಗಿದೆ. ಕಾರಣ ಸಿಗದ ಕಡೆಯಲ್ಲೆಲ್ಲ ‘ಕಾಸ್ಮಿಕ್ ಕಿರಣ’ ಅಂತ ಬರೆದು ಫೈಲು ಮುಚ್ಚುವ ಅಭ್ಯಾಸ ಕೆಲವರಿಗೆ ಹತ್ತಿದೆ. ಗೂಗಲ್‌ನವರು ತಮ್ಮ ಸಾವಿರಾರು ಸರ್ವರುಗಳನ್ನು ಗಮನಿಸಿ 2009ರಲ್ಲಿ ಬರೆದ ವರದಿ ಬೇರೆಯೇ ಹೇಳಿತು: ವರ್ಷದಲ್ಲಿ ಮೂರರಲ್ಲಿ ಒಂದು ಯಂತ್ರ ತಿದ್ದಬಹುದಾದ ತಪ್ಪೊಂದನ್ನಾದರೂ ಕಾಣುತ್ತದೆ, ಆದರೆ ಒಮ್ಮೆ ತಪ್ಪಿದ ಕಡ್ಡಿಯೇ ಮತ್ತೆ ಮತ್ತೆ ತಪ್ಪುತ್ತದೆ. ಆಕಾಶದಿಂದ ಬಂದ ಕಲ್ಲಾದರೆ ಒಂದೇ ಮನೆಯ ಹಂಚಿಗೆ ದಿನಾ ಬೀಳುತ್ತದೆಯೇ? ಚಿಪ್ಪೇ ಸವೆದಿದೆ ಅಂತ ತಾನೇ? ಹಾಗಾಗಿ ‘ತಿದ್ದಿದೆ, ತಿದ್ದಿದೆ’ ಅಂತ ಒಂದೇ ಕಡ್ಡಿಯ ಹೆಸರಿನಲ್ಲಿ ಸಾಲು ಬೆಳೆಯುತ್ತಿದ್ದರೆ ಅದು ಬೀಳುವವರೆಗೆ ಕಾಯಬಾರದು.

ಬಿಸಿಯ ವಿಷಯದಲ್ಲಿ ಮಾತ್ರ ರಾಯರ ಜತೆ ನನಗೆ ಜಗಳ. ಏಸಿ ಇಲ್ಲದೆ ನಡೆಯದ ಯಂತ್ರ ಯಂತ್ರವೇ ಅಲ್ಲ ಅನ್ನುವುದು ಅವರ ವಾದ. ಅದಕ್ಕೆ ಅವರ ಸಾಕ್ಷಿ ಕಿತ್ತೂರು. ಸರ್ಕಾರಿ ಟೆಲಿಕಾಂ ಸಂಸ್ಥೆ ಸಿ-ಡಾಟ್‌ನವರು 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜನ್ನು 1986ರಲ್ಲಿ ಮೊದಲು ಕೂರಿಸಿದ್ದು ನಮ್ಮ ಕಿತ್ತೂರಿನಲ್ಲಿ, ಅದೂ ಏಸಿ ಇಲ್ಲದೆ, ಹಳ್ಳಿಯ ಧೂಳು ಸೆಖೆಯಲ್ಲೇ ನಡೆಯುವ ಹಾಗೆ ಮಾಡಿ. ಅದು ನಿಜ. ಆದರೆ ಅದು ಉರಿಸುತ್ತಿದ್ದ ಕರೆಂಟು ಎಷ್ಟು, ಈಗಿನ ಸರ್ವರು ಉರಿಸುವುದು ಎಷ್ಟು? ಈ ಮಾತು ಮುಗಿಯುವಂಥದ್ದಲ್ಲ, ಬಿಟ್ಟೆ.

ದೊಡ್ಡ ಡೇಟಾ ಸೆಂಟರುಗಳ ರೋಗ ಕೇಳಿದರೆ ಕಟ್ಟುಕಥೆ ಅನಿಸಬೇಕು. ಎತ್ತರಿಸಿದ ನೆಲದ ಹಾಸಿನ ಅಡಿಗೆ ಬಳಿದ ಸತುವಿನಿಂದ ಕೂದಲಿಗಿಂತ ತೆಳುವಾದ ಎಳೆಗಳು ಬೆಳೆದು, ಯಾರೋ ಹಾಸು ಎತ್ತಿದಾಗ ಗಾಳಿಗೆ ಹಾರಿ, ಸರ್ವರಿನೊಳಗೆ ಹೋಗಿ ಶಾರ್ಟು ಮಾಡುತ್ತವೆ. 2008ರಲ್ಲಿ ಸನ್ ಕಂಪನಿಯ ಬ್ರೆಂಡನ್ ಗ್ರೆಗ್ ಡಿಸ್ಕುಗಳ ಮುಂದೆ ನಿಂತು ಗಂಟಲು ಹರಿಯುವ ಹಾಗೆ ಕಿರುಚಿದರೆ ಅವು ತಬ್ಬಿಬ್ಬಾಗಿ ನಿಧಾನವಾಗುವುದನ್ನು ವಿಡಿಯೊ ಮಾಡಿ ತೋರಿಸಿದರು. 2016ರಲ್ಲಿ ಬುಖಾರೆಸ್ಟಿನಲ್ಲಿ ಐಎನ್‌ಜಿ ಬ್ಯಾಂಕಿನವರು ಬೆಂಕಿ ಆರಿಸುವ ಗ್ಯಾಸನ್ನು ಪರೀಕ್ಷಿಸಲು ಹೋಗಿ, ಆ ಗ್ಯಾಸು ನುಗ್ಗಿದ ಸದ್ದಿಗೇ ಡಿಸ್ಕುಗಳು ಕೆಟ್ಟು, ಗಂಟೆಗಟ್ಟಲೆ ಬ್ಯಾಂಕು ನಿಂತಿತು. ಇದನ್ನು ಕೇಳಿದಾಗ ಅಮ್ಮಾವ್ರು ಒಳಗಿನಿಂದಲೇ, “ಗಣೇಶನ ಪೆಂಡಾಲಿನವರಿಗೆ ಹೇಳಪ್ಪಾ ಇದನ್ನ, ನನ್ನ ಮಾತು ಕೇಳಲ್ಲ,” ಅಂದರು.

ಎಲ್ಲಕ್ಕಿಂತ ರಾಯರಿಗೆ ಹಿಡಿಸಿದ್ದು ಎಚ್‌ಪಿ ಎಂಟರ್‌ಪ್ರೈಸ್‌ನವರ ಎಸ್‌ಎಸ್‌ಡಿ ಪ್ರಕರಣ. 2019ರ ನವೆಂಬರಿನಲ್ಲಿ ಆ ಕಂಪನಿಯೇ ಎಚ್ಚರಿಸಿತು: ಕೆಲವು ಡ್ರೈವುಗಳು 32,768 ಗಂಟೆ ಓಡಿದ ಕೂಡಲೇ ಸಾಯುತ್ತವೆ, ಅಂದರೆ 3 ವರ್ಷ 270 ದಿನ 8 ಗಂಟೆ. ಡ್ರೈವಿನೊಳಗಿನ ಪ್ರೋಗ್ರಾಮಿನಲ್ಲಿ ಗಂಟೆ ಎಣಿಸುವ ಜಾಗ ಅಲ್ಲಿಗೆ ತುಂಬಿಹೋಗುತ್ತದೆ. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ ಜೋಡಿಯಾಗಿ ಹಾಕಿದ ಡ್ರೈವುಗಳು ಒಂದೇ ದಿನ ಹುಟ್ಟಿ ಒಂದೇ ಗಂಟೆಗೆ ಹೋಗಿಬಿಟ್ಟರೆ ಮಾಡುವುದೇನು?

“ಇಷ್ಟೆಲ್ಲ ಬೀಳೋದೇ ಆಯ್ತು. ಬೀಳದೇ ಇರೋದು ಯಾವುದಾದ್ರೂ ಇದೆಯಾ?”

ಇದೆ, ಅದೇ ಭಯ. 2021ರಲ್ಲಿ ಫೇಸ್‌ಬುಕ್‌ನವರು ಬರೆದರು: ಅವರ ಒಂದು ಪ್ರೊಸೆಸರಿನ 59ನೇ ಕೋರು ಎಲ್ಲ ಕೆಲಸವನ್ನೂ ಸರಿಯಾಗಿ ಮಾಡುತ್ತಿತ್ತು. ಆದರೆ 1.1ನ್ನು 53 ಸಲ ಗುಣಿಸಿ ಪೂರ್ಣಾಂಕ ಕೊಡು ಅಂದರೆ 156ರ ಬದಲು ಸೊನ್ನೆ ಕೊಡುತ್ತಿತ್ತು. ಎಚ್ಚರಿಕೆ ಇಲ್ಲ, ಲಾಗಿನಲ್ಲಿ ಸಾಲಿಲ್ಲ, ಬಿಎಂಸಿಯ ಡೈರಿ ಖಾಲಿ. ಫೈಲುಗಳ ಗಾತ್ರ ಸೊನ್ನೆ ಅಂತ ಲೆಕ್ಕ ಬಂದು, ಸೊನ್ನೆಯ ಫೈಲು ಯಾಕೆ ಅಂತ ಅವನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಹೀಗೆ ಕಾಣೆಯಾದ ಫೈಲುಗಳ ಜಾಡು ಹಿಡಿದು ಲಕ್ಷಾಂತರ ಯಂತ್ರಗಳ ನಡುವೆ ಆ ಒಂದು ಕೋರನ್ನು ಹುಡುಕಿ ತೆಗೆಯಬೇಕಾಯಿತು. ಅದೇ ವರ್ಷ ಗೂಗಲ್‌ನವರೂ, ಕೆಲವು ಸಾವಿರ ಯಂತ್ರಗಳಿಗೆ ಒಂದಷ್ಟು ಇಂಥ ಕೋರುಗಳು ತಮ್ಮಲ್ಲೂ ಇವೆ ಅಂತ ಬರೆದರು.

ರಾಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಮ್ಮ ಸೊಸೈಟಿಯಲ್ಲಿ ಅವರ ಒಂದು ಠೇವಣಿ ಇದೆ. ಕಡೆಗೆ, “ನನ್ನ ಪಾಸ್‌ಬುಕ್ಕು ಕೈಯಲ್ಲೇ ಬರೆಸಿಕೊಳ್ತೀನಪ್ಪಾ ಇನ್ಮೇಲೆ,” ಅಂದರು.

“ನಮ್ಮದು ಬೀಳೋ ಸರ್ವರು ರಾಯರೇ, ಹೆದರಬೇಡಿ.”

“ಈಗ ಬೀಳ್ತಿಲ್ವಲ್ಲಾ, ಪ್ರಿಂಟರು ಕಿತ್ತಮೇಲೆ. ಪವರ್ ಸಪ್ಲೈ ಬಂತಾ?”

ಅದೇ ಆಗಿಲ್ಲ. ಪ್ರಿಂಟರನ್ನು ಗೋಡೆಯ ಬೇರೆ ಸಾಕೆಟ್ಟಿಗೆ ಹಾಕಿದ್ದಾಯಿತು, ಯುಪಿಎಸ್ ಸಾಕೆಟ್ಟಿಗೆ ಟೇಪು ಸುತ್ತಿದ್ದಾಯಿತು. ಸಪ್ಲೈ ಬದಲಾಯಿಸಬೇಕು ಅಂತ ನಾನು ಕೊಟ್ಟ ಪತ್ರಕ್ಕೆ ಮೂರು ಕೊಟೇಶನ್ ತನ್ನಿ ಅಂದರು. ತಂದೆ. ಆಡಳಿತ ಮಂಡಳಿಯ ಮುಂದೆ ಇಟ್ಟಾಗ ಒಬ್ಬ ನಿರ್ದೇಶಕರು ಕೇಳಿದರು, ಈಗ ಸರಿಯಾಗಿ ನಡೀತಿದೆಯಾ ಅಂತ. ನಡೀತಿದೆ ಅಂದೆ. ಹಾಗಾದರೆ ಮುಂದಿನ ಸಭೆಗೆ ಇಡಿ ಅಂದರು. ಒಣಗಿದ ಕೆಪಾಸಿಟರು, ಮಿಲಿಸೆಕೆಂಡು ಅಂತ ಹೇಳಹೊರಟರೆ ಸೆಕ್ರೆಟರಿಗಳು ಗಡಿಯಾರ ನೋಡಿದರು.

ರಾಯರು ಪೈಪನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಎಳೆದರು. ಸರ್ಕಾರಿ ಕೆಲಸದಲ್ಲಿ ಜೀವ ಸವೆಸಿದವರ ಮುಖದಲ್ಲಿ ಮಾತ್ರ ಮೂಡುವ ಒಂದು ನಗೆ ಮೂಡಿತು. “ಮುಂದಿನ ಸಭೆ ಎಷ್ಟು ಗಂಟೆಗಯ್ಯಾ?”

“ಹತ್ತೂವರೆಗೆ.”

“ಸಭೆಯ ನಡಾವಳಿ ಪ್ರಿಂಟು ಹೊಡೀಬೇಕಲ್ಲ? ಆ ಟೇಪು ಬಿಚ್ಚಿಡು.”